ಹಳೆ ಕಾರಿನ ಬ್ರೇಕ್ ಲೈಟ್ ಸ್ವಿಚ್ ಬಿಚ್ಚಲು ಯಾವ ಸ್ಪ್ಯಾನರ್ ಬೇಕು?

ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕೂತಿದ್ದ ಅಂಬಾಸಿಡರ್, ಕಾಫಿ ತೋಟದ ಹಳೆ ಜೀಪು, ತಾತ ಓಡಿಸುತ್ತಿದ್ದ ಮಾರಿಸ್ ಮೈನರ್. ಇಂಥ ಗಾಡಿಗಳನ್ನು ಮತ್ತೆ ರಸ್ತೆಗೆ ಇಳಿಸುವ ಆಸೆ ಹಲವರಿಗೆ ಇದೆ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದೇ ನೋಂದಾಯಿಸಲು 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಅಷ್ಟು ಹಳೆಯದಲ್ಲದಿದ್ದರೂ 15 ವರ್ಷ ತುಂಬಿದ ಸ್ವಂತ ಕಾರಿನ ಆರ್‌ಸಿ ನವೀಕರಿಸಬೇಕು, ಅದಕ್ಕೆ ಗಾಡಿ ತಪಾಸಣೆಗೆ ನಿಲ್ಲಬೇಕು. ಆಗ ಬಣ್ಣ, ಎಂಜಿನ್ನು ಎಲ್ಲ ಚೆನ್ನಾಗಿದ್ದೂ ಒಂದು ಸಣ್ಣ ವಿಷಯ ಕೈಕೊಡುತ್ತದೆ. ಬ್ರೇಕ್ ಒತ್ತಿದರೆ ಹಿಂದೆ ಕೆಂಪು ದೀಪ ಹತ್ತುವುದಿಲ್ಲ.

ಬಹಳ ಸಲ ಇದಕ್ಕೆ ಕಾರಣ ಹೆಬ್ಬೆರಳು ಗಾತ್ರದ ಒಂದು ಸ್ವಿಚ್. ಅದರ ಬೆಲೆ ದೊಡ್ಡದಲ್ಲ. ಆದರೆ ಬಿಚ್ಚಲು ಹೋದಾಗ ಮನೆಯ ಸ್ಪ್ಯಾನರ್ ಸೆಟ್ಟಿನಲ್ಲಿ ಒಂದೂ ಸರಿಯಾಗಿ ಕೂರುವುದಿಲ್ಲ. ಒಂದು ಬಿಗಿ, ಇನ್ನೊಂದು ಸಡಿಲ. ಸಾಕೆಟ್ ಹಾಕಿದರೆ ಅರ್ಧಕ್ಕೇ ನಿಲ್ಲುತ್ತದೆ. ಯಾಕೆ ಹೀಗೆ, ಏನು ಕೊಳ್ಳಬೇಕು, ಹೇಗೆ ಬಿಚ್ಚಬೇಕು ಅನ್ನುವುದನ್ನು ಮೊದಲಿನಿಂದ ನೋಡೋಣ.

ಪೆಡಲ್ ಹತ್ತಿರ ಹುಡುಕಬೇಡಿ

ಇವತ್ತಿನ ಕಾರುಗಳಲ್ಲಿ ಬ್ರೇಕ್ ಲೈಟ್ ಸ್ವಿಚ್ ಪೆಡಲ್ಲಿನ ಮೇಲ್ಭಾಗದಲ್ಲೇ ಇರುತ್ತದೆ. ಪೆಡಲ್ ಕೆಳಗೆ ಹೋದರೆ ಸ್ವಿಚ್ಚಿನ ಸಣ್ಣ ಗುಂಡಿ ಹೊರಗೆ ಬರುತ್ತದೆ, ದೀಪ ಹತ್ತುತ್ತದೆ. ಅದನ್ನು ಬದಲಾಯಿಸಲು ವಿಶೇಷ ಉಪಕರಣ ಏನೂ ಬೇಡ.

1940ರಿಂದ 60ರ ದಶಕದವರೆಗಿನ ಅನೇಕ ಕಾರುಗಳಲ್ಲಿ ಈ ಸ್ವಿಚ್ ಪೆಡಲ್ಲನ್ನು ಮುಟ್ಟುವುದೇ ಇಲ್ಲ. ಅದು ಬ್ರೇಕ್ ಆಯಿಲ್ ಹರಿಯುವ ದಾರಿಯಲ್ಲೇ ಕೂತಿರುತ್ತದೆ. ನೀವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪುಗಳಿಗೆ ತಳ್ಳುತ್ತದೆ. ಆ ಒತ್ತಡ ನಾಲ್ಕು ಚಕ್ರಗಳಿಗೂ ಹೋಗುತ್ತದೆ, ಜೊತೆಗೆ ಈ ಸ್ವಿಚ್ಚಿನೊಳಗೂ ನುಗ್ಗುತ್ತದೆ. ಒಳಗೊಂದು ತೆಳು ಪದರ ಇದೆ. ಒತ್ತಡಕ್ಕೆ ಅದು ಉಬ್ಬಿ, ಒಂದು ತಾಮ್ರದ ಬಿಲ್ಲೆಯನ್ನು ಮೇಲಕ್ಕೆ ತಳ್ಳುತ್ತದೆ. ಬಿಲ್ಲೆ ಹೋಗಿ ವೈರ್ ಸಿಕ್ಕಿಸುವ ಎರಡು ಟರ್ಮಿನಲ್‌ಗಳನ್ನು ಒಟ್ಟಿಗೆ ಮುಟ್ಟಿದರೆ ಕರೆಂಟು ಹರಿದು ದೀಪ ಹತ್ತುತ್ತದೆ. ಇದಕ್ಕೆ ಹೈಡ್ರಾಲಿಕ್ ಸ್ವಿಚ್ ಅನ್ನುತ್ತಾರೆ.

ಗಾಡಿಗೊಂದು ಜಾಗ. ವಿಲ್ಲೀಸ್ ಜೀಪಿನಲ್ಲಿ ಡ್ರೈವರ್ ಕಾಲ ಕೆಳಗೆ, ಛಾಸಿಗೆ ಕಟ್ಟಿರುವ ಮಾಸ್ಟರ್ ಸಿಲಿಂಡರ್‌ನಿಂದ ಪೈಪು ಹೊರಡುವ ಕಡೆ ಇರುತ್ತದೆ. ನಮ್ಮ ಮಹೀಂದ್ರ ಜೀಪುಗಳು ಇದೇ ವಿಲ್ಲೀಸ್ ವಂಶದವು, ಮಲೆನಾಡಿನ ಎಸ್ಟೇಟುಗಳಲ್ಲಿ ಇವತ್ತಿಗೂ ಓಡುತ್ತಿವೆ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ನೇರವಾಗಿ ಮಾಸ್ಟರ್ ಸಿಲಿಂಡರ್‌ಗೇ ತಿರುಗಿಸಿರುತ್ತಾರೆ. ಎಂಜಿ ತರಹದ ಬ್ರಿಟಿಷ್ ಕಾರುಗಳಲ್ಲಿ ನಾಲ್ಕೈದು ಪೈಪು ಸೇರುವ ಒಂದು ಹಿತ್ತಾಳೆ ಜಂಕ್ಷನ್ ಇದೆ, ಸ್ವಿಚ್ ಅದಕ್ಕೆ ಕೂತಿರುತ್ತದೆ. ನಿಮ್ಮ ಗಾಡಿಯಲ್ಲಿ ಎಲ್ಲಿದೆ ಗೊತ್ತಾಗದಿದ್ದರೆ ಮಾಸ್ಟರ್ ಸಿಲಿಂಡರ್‌ನಿಂದ ಹೊರಟ ಪೈಪನ್ನೇ ಹಿಡಿದು ಹೋಗಿ. ಪೈಪಿನ ಗಂಟಿನಲ್ಲಿ ಎರಡು ವೈರ್ ಬಂದು ಸೇರಿರುವ ಜಾಗವೇ ಅದು.

ಕೆಟ್ಟಿರುವುದು ಸ್ವಿಚ್ಚೇ ಹೌದಾ?

ಸ್ಪ್ಯಾನರ್ ಹುಡುಕುವ ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಿ. ಬಲ್ಬು ಮತ್ತು ಫ್ಯೂಸು ಸರಿ ಇದೆಯಾ ನೋಡಿ. ಆಮೇಲೆ ಇಗ್ನಿಷನ್ ಆನ್ ಮಾಡಿ, ಸ್ವಿಚ್ಚಿನ ಎರಡೂ ವೈರ್‌ಗಳನ್ನು ಕಿತ್ತು, ಒಂದು ತುಂಡು ತಂತಿಯಿಂದ ಆ ಎರಡು ವೈರ್‌ಗಳನ್ನು ಜೋಡಿಸಿ. ದೀಪ ಹತ್ತಿದರೆ ವೈರಿಂಗ್ ಚೆನ್ನಾಗಿದೆ, ತಪ್ಪು ಸ್ವಿಚ್ಚಿನದೇ. ಹತ್ತದಿದ್ದರೆ ಸ್ವಿಚ್ ಬದಲಾಯಿಸಿ ಪ್ರಯೋಜನ ಇಲ್ಲ, ದೋಷ ಬೇರೆ ಕಡೆ ಇದೆ. ಈ ಕೆಲಸ ಮಾಡುವಾಗ ಕರೆಂಟ್ ಬರುವ ವೈರಿನ ತುದಿ ಗಾಡಿಯ ಲೋಹಕ್ಕೆ ತಾಗಬಾರದು, ತಾಗಿದರೆ ಫ್ಯೂಸ್ ಹೋಗುತ್ತದೆ.

ಲೂಕಾಸ್ ಕಂಪನಿಯ ವೈರಿಂಗ್ ಇರುವ ಬ್ರಿಟಿಷ್ ಕಾರುಗಳಲ್ಲಿ ಬಣ್ಣ ನೋಡಿಯೇ ವೈರ್ ಗುರುತಿಸಬಹುದು. ಪೂರ್ತಿ ಹಸಿರು ವೈರ್ ಫ್ಯೂಸಿನಿಂದ ಬರುತ್ತದೆ, ಹಸಿರಿನ ಮೇಲೆ ನೇರಳೆ ಗೆರೆ ಇರುವುದು ದೀಪಕ್ಕೆ ಹೋಗುತ್ತದೆ. ಐವತ್ತು ವರ್ಷದ ಧೂಳು ಕೂತಿದ್ದರೆ ಒಂದು ಕಡೆ ಒರೆಸಿ ನೋಡಬೇಕು, ಅಷ್ಟೆ.

ಇನ್ನೊಂದು ಲಕ್ಷಣ ಇದೆ. ಮೆಲ್ಲಗೆ ಬ್ರೇಕ್ ಒತ್ತಿದಾಗ ದೀಪ ಹತ್ತದೆ, ಜೋರಾಗಿ ತುಳಿದಾಗ ಮಾತ್ರ ಹತ್ತಿದರೆ ಸ್ವಿಚ್ ಸಾಯುವ ಹಾದಿಯಲ್ಲಿದೆ. ಟರ್ಮಿನಲ್ ಸುತ್ತ ಆಯಿಲ್ ಒಸರುತ್ತಿದ್ದರೆ ಒಳಗಿನ ಪದರವೇ ಹರಿದಿದೆ. ಇದು ದೀಪದ ಸಮಸ್ಯೆ ಅಲ್ಲ, ಬ್ರೇಕಿನ ಸಮಸ್ಯೆ. ಅಂಥ ಗಾಡಿಯನ್ನು ಸ್ವಿಚ್ ಬದಲಾಯಿಸುವ ತನಕ ಓಡಿಸಬೇಡಿ.

ಒಂದೇ ಸ್ಪ್ಯಾನರ್ ಬೋರ್ಡಿನಲ್ಲಿ ಮೂರು ಲೆಕ್ಕ

ಗೊಂದಲದ ಬೇರು ಇಲ್ಲಿದೆ. ಸ್ವಿಚ್ಚಿನ ಬುಡದಲ್ಲಿ ನಟ್ಟಿನ ಹಾಗೆ ಆರು ಮುಖದ ಹೆಡ್ ಇರುತ್ತದೆ. ಎದುರುಬದುರಿನ ಎರಡು ಚಪ್ಪಟೆ ಮುಖಗಳ ನಡುವಿನ ದೂರವೇ ಸ್ಪ್ಯಾನರ್ ಬಾಯಿಯ ಅಳತೆ. ಆ ದೂರವನ್ನು ಹೇಳುವ ಪದ್ಧತಿ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ.

ಮೊದಲನೆಯದು ವಿಟ್‌ವರ್ತ್. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಪದ್ಧತಿ ಇದು. ಹಳೆಯ ಬ್ರಿಟಿಷ್ ಯಂತ್ರಗಳಲ್ಲಿ ಹೆಚ್ಚಿನವು ಇದರ ಮೇಲೇ ನಿಂತಿವೆ. ಇದರ ಸ್ಪ್ಯಾನರ್ ಮೇಲೆ ಬರೆದಿರುವ ಸಂಖ್ಯೆ ಬಾಯಿಯ ಅಳತೆ ಅಲ್ಲ, ಆ ಸ್ಪ್ಯಾನರ್ ತಿರುಗಿಸುವ ಬೋಲ್ಟಿನ ದಪ್ಪ. ಹಾಗಾಗಿ 1/4 ಎಂದು ಬರೆದ ವಿಟ್‌ವರ್ತ್ ಸ್ಪ್ಯಾನರ್‌ನ ಬಾಯಿ ಕಾಲು ಇಂಚು ಇರುವುದಿಲ್ಲ, ಸುಮಾರು 13.3 ಮಿ.ಮೀ. ಇರುತ್ತದೆ.

ಎರಡನೆಯದು ಎಎಫ್, ಅಂದರೆ ‘ಅಕ್ರಾಸ್ ಫ್ಲಾಟ್ಸ್’, ಚಪ್ಪಟೆ ಮುಖದಿಂದ ಮುಖಕ್ಕೆ. ಇದೂ ಇಂಚಿನ ಲೆಕ್ಕವೇ, ಆದರೆ ಇಲ್ಲಿ ಬರೆದ ಸಂಖ್ಯೆ ನಿಜಕ್ಕೂ ಬಾಯಿಯ ಅಗಲ. 1/2 ಎಂದಿದ್ದರೆ ಬಾಯಿ ಅರ್ಧ ಇಂಚು, ಅಂದರೆ 12.7 ಮಿ.ಮೀ. ಗಮನಿಸಿದಿರಾ? ವಿಟ್‌ವರ್ತ್‌ನ ‘ಕಾಲು’ ಎಎಫ್‌ನ ‘ಅರ್ಧ’ಕ್ಕಿಂತ ದೊಡ್ಡದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೊಸಬರಿಗೆ ತಲೆ ಕೆಡುವುದು ಸಹಜ. ಅಮೆರಿಕದ ಗಾಡಿಗಳಲ್ಲಿ ಇಂಚಿನ ಈ ನೇರ ಲೆಕ್ಕವೇ ಇತ್ತು. 1948ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಕೆನಡಾ ಒಂದೇ ಥ್ರೆಡ್ (ಬೋಲ್ಟಿನ ಸುರುಳಿ ಗೆರೆ) ಪದ್ಧತಿಗೆ ಒಪ್ಪಿಕೊಂಡ ಮೇಲೆ 1950ರ ದಶಕದಲ್ಲಿ ಬ್ರಿಟಿಷ್ ಕಾರುಗಳೂ ನಿಧಾನವಾಗಿ ಅದರ ಕಡೆ ವಾಲಿದವು. ಅಂಬಾಸಿಡರ್‌ನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಬಂದದ್ದು ಈ ಬದಲಾವಣೆಯ ಕಾಲದಲ್ಲೇ.

ಮೂರನೆಯದು ನಮಗೆಲ್ಲ ಗೊತ್ತಿರುವ ಮಿಲಿಮೀಟರ್. ಜರ್ಮನ್, ಇಟಾಲಿಯನ್, ಜಪಾನೀ ಗಾಡಿಗಳದ್ದು ಇದೇ. ಭಾರತ 1956ರಲ್ಲಿ ಕಾನೂನು ಮಾಡಿ ಮೆಟ್ರಿಕ್ ಅಳತೆಗೆ ಬದಲಾಯಿತು. ಹಾಗಾಗಿ ನಮ್ಮ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸುಮ್ನೆ ‘ಸ್ಪ್ಯಾನರ್ ಸೆಟ್ ಕೊಡಿ’ ಅಂದರೆ ಕೈಗೆ ಬರುವುದು ಮಿಲಿಮೀಟರ್ ಸೆಟ್. ಆ ಕಾಲದ ಕಾರಿಗೆ ಈ ಕಾಲದ ಸೆಟ್. ಕೂರದೇ ಇರುವುದು ಅದಕ್ಕೇ.

ಅದೃಷ್ಟಕ್ಕೆ ಕೆಲವು ಅಳತೆಗಳು ಒಂದಕ್ಕೊಂದು ತೀರ ಹತ್ತಿರ ಬರುತ್ತವೆ. 3/4 ಇಂಚು ಅಂದರೆ 19.05 ಮಿ.ಮೀ. ನಿಮ್ಮ 19ರ ಸ್ಪ್ಯಾನರ್ ಸಾಮಾನ್ಯವಾಗಿ ಕೂರುತ್ತದೆ. 15/16 ಇಂಚು 23.8 ಮಿ.ಮೀ., ಅದಕ್ಕೆ 24 ನಡೆಯುತ್ತದೆ. 1 1/16 ಇಂಚು ಹೆಚ್ಚೂಕಮ್ಮಿ 27 ಮಿ.ಮೀ.ಗೆ ಸಮ. ತೊಂದರೆ ಕೊಡುವುದು ಮಧ್ಯದವು. 7/8 ಇಂಚು 22.2 ಮಿ.ಮೀ. ಆಗುತ್ತದೆ, 22ರ ಸ್ಪ್ಯಾನರ್ ಒಂದು ಸ್ವಿಚ್ಚಿಗೆ ಕೂತರೆ ಇನ್ನೊಂದಕ್ಕೆ ಕೂರುವುದಿಲ್ಲ. ಪೂರ್ತಿ ಒಂದು ಇಂಚು 25.4 ಮಿ.ಮೀ. ಅದಕ್ಕೆ 25 ಹೋಗುವುದೇ ಇಲ್ಲ, 26 ಹಾಕಿದರೆ ಅರ್ಧ ಮಿಲಿಮೀಟರ್‌ಗೂ ಮೀರಿ ಆಟ ಉಳಿಯುತ್ತದೆ.

ಅರ್ಧ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಸ್ಪ್ಯಾನರ್ ಬಾಯಿ ಸರಿಯಾಗಿದ್ದರೆ ಬಲ ಇಡೀ ಚಪ್ಪಟೆ ಮುಖದ ಮೇಲೆ ಬೀಳುತ್ತದೆ. ಸಡಿಲ ಇದ್ದರೆ ಸ್ಪ್ಯಾನರ್ ಓರೆಯಾಗಿ ಎರಡು ಮೂಲೆಗಳನ್ನಷ್ಟೇ ಹಿಡಿಯುತ್ತದೆ. ಈ ಸ್ವಿಚ್ಚುಗಳ ಹೆಡ್ ತೆಳು, ಕೆಲವದರ ಲೋಹವೂ ಮೃದು. ಒಂದು ಸಲ ಜಾರಿದರೆ ಮೂಲೆ ಸವೆದು ಉರುಟಾಗುತ್ತದೆ. ಆಮೇಲೆ ಸರಿಯಾದ ಸ್ಪ್ಯಾನರ್ ತಂದರೂ ಹಿಡಿತ ಸಿಗುವುದಿಲ್ಲ.

ಹೆಡ್ಡಿನ ಅಳತೆ ನೋಡಿ ಥ್ರೆಡ್ಡಿನ ಅಳತೆ ಊಹಿಸುವುದೂ ಅಪಾಯ. ಮಾರಿಸ್ ಕಂಪನಿ 1923ರಲ್ಲಿ ಕವೆಂಟ್ರಿಯಲ್ಲಿದ್ದ ಫ್ರೆಂಚ್ ಹಾಚ್ಕಿಸ್ ಕಾರ್ಖಾನೆಯನ್ನು ಕೊಂಡಿತು. ಅಲ್ಲಿನ ಯಂತ್ರಗಳು ಫ್ರಾನ್ಸಿನ ಮೆಟ್ರಿಕ್ ಥ್ರೆಡ್ ಕೊರೆಯುತ್ತಿದ್ದವು. ಬ್ರಿಟಿಷ್ ಮೆಕ್ಯಾನಿಕ್‌ಗಳ ಕೈಯಲ್ಲಿದ್ದದ್ದು ವಿಟ್‌ವರ್ತ್ ಸ್ಪ್ಯಾನರ್. ಹಾಗಾಗಿ ಥ್ರೆಡ್ ಮೆಟ್ರಿಕ್, ಹೆಡ್ ವಿಟ್‌ವರ್ತ್ ಇರುವ ಬೋಲ್ಟುಗಳು ಹುಟ್ಟಿಕೊಂಡವು. ಎಂಜಿ ಟಿ ಸರಣಿಯ ಕಾರುಗಳ ಎಂಜಿನ್‌ನಲ್ಲಿ ಇವತ್ತಿಗೂ ಅವನ್ನು ನೋಡಬಹುದು. ಹಳೆ ಗಾಡಿಯಲ್ಲಿ ಕಣ್ಣಳತೆಯನ್ನು ನಂಬಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಅಳತೆ ಸರಿ, ಆದರೂ ಕೂರುತ್ತಿಲ್ಲ

ಅಳತೆ ಗೊತ್ತಾದ ಕೂಡಲೇ ಕೆಲಸ ಮುಗಿಯಲಿಲ್ಲ. ಸ್ವಿಚ್ಚಿನ ತಲೆಯ ಮೇಲೆ ಟರ್ಮಿನಲ್‌ಗಳು ಎದ್ದು ನಿಂತಿರುತ್ತವೆ. ಮಾಮೂಲಿ ಸಾಕೆಟ್ಟಿನ ಹೊಂಡ ಅಷ್ಟು ಆಳ ಇರುವುದಿಲ್ಲ. ಟರ್ಮಿನಲ್ ಹೋಗಿ ಸಾಕೆಟ್ಟಿನ ತಳಕ್ಕೆ ತಗಲುತ್ತದೆ, ಸಾಕೆಟ್ ಹೆಡ್ಡಿನ ತನಕ ಇಳಿಯುವುದೇ ಇಲ್ಲ. ಇನ್ನೂ ಕೆಟ್ಟದ್ದೆಂದರೆ ಹೆಡ್ಡಿನ ತುದಿಯನ್ನು ಎರಡು ಮಿಲಿಮೀಟರ್ ಮಾತ್ರ ಹಿಡಿದು ಕೂತಂತೆ ಕಾಣುವುದು. ಬಲ ಹಾಕಿದ ಕೂಡಲೇ ಹಾರುತ್ತದೆ.

ಇದಕ್ಕೆ ಡೀಪ್ ಸಾಕೆಟ್ ಬೇಕು. ಕೊಳ್ಳುವ ಮೊದಲು ಹೆಡ್ಡಿನ ಬುಡದಿಂದ ಟರ್ಮಿನಲ್ ತುದಿಯವರೆಗೆ ಎಷ್ಟು ಎತ್ತರ ಇದೆ ಅಳೆದುಕೊಳ್ಳಿ. ಅಂಗಡಿಯಲ್ಲಿ ಸಾಕೆಟ್ಟಿನ ಹೊರಗಿನ ಉದ್ದ ನೋಡಿದರೆ ಸಾಲದು, ಒಳಗೆ ಒಂದು ಕಡ್ಡಿ ಇಳಿಸಿ ಆಳ ನೋಡಬೇಕು. ಎಂಜಿನ್ ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಲೆಂದೇ ಬರುವ ಸಾಕೆಟ್ಟುಗಳೂ ಇವೆ. ಅವು ಆಳ ಇರುತ್ತವೆ, 1 1/16 ಇಂಚು ಅಥವಾ 27 ಮಿ.ಮೀ. ಅಳತೆಯದು ಸಾಮಾನ್ಯವಾಗಿ ಸಿಗುತ್ತದೆ. ನಿಮ್ಮ ಸ್ವಿಚ್ ಅದೇ ಅಳತೆಯದಾದರೆ ಕೆಲಸ ಸಲೀಸು.

ಕಡಿಮೆ ಖರ್ಚಿನ ದಾರಿ ಅಂದರೆ ಟ್ಯೂಬ್ ಸ್ಪ್ಯಾನರ್. ಸ್ಪಾರ್ಕ್ ಪ್ಲಗ್ ಬಿಚ್ಚಲು ಬಳಸುವ, ಮೇಲೊಂದು ತೂತಿಗೆ ರಾಡು ಹಾಕಿ ತಿರುಗಿಸುವ ಕೊಳವೆ ಇದೆಯಲ್ಲ, ಅದೇ. ಉದ್ದಕ್ಕೂ ಟೊಳ್ಳು ಇರುವುದರಿಂದ ಟರ್ಮಿನಲ್ ಎಷ್ಟೇ ಎತ್ತರ ಇದ್ದರೂ ಒಳಗೆ ಹೋಗುತ್ತದೆ. ಮಾಮೂಲಿ 14 ಮಿ.ಮೀ. ಥ್ರೆಡ್ಡಿನ ಪ್ಲಗ್ಗಿನ ಹೆಡ್ 13/16 ಇಂಚು, ಅಂದರೆ 20.6 ಮಿ.ಮೀ. ನಿಮ್ಮ ಸ್ವಿಚ್ಚಿನ ಹೆಡ್ ಕೂಡ ಅಷ್ಟೇ ಇದ್ದರೆ ಟೂಲ್ ಬಾಕ್ಸಿನಲ್ಲೇ ಉತ್ತರ ಇದೆ. ಒಳಗೆ ಪ್ಲಗ್ ಹಿಡಿಯುವ ರಬ್ಬರ್ ಇದ್ದರೆ ಮೊದಲು ತೆಗೆಯಿರಿ.

ರಿಂಗ್ ಸ್ಪ್ಯಾನರ್‌ಗೆ ಆಳದ ಸಮಸ್ಯೆಯೇ ಇಲ್ಲ, ಟರ್ಮಿನಲ್ ಮೇಲಿಂದ ತೂರಿಸಿ ಹೆಡ್ಡಿನ ಮೇಲೆ ಕೂರಿಸಬಹುದು. ಜಾಗ ಇದ್ದ ಕಡೆ ನಾನು ಮೊದಲು ಕೈಹಾಕುವುದು ಇದಕ್ಕೇ. ಕೆಲವು ಹಳೆ ಮಾದರಿಗಳಲ್ಲಿ ಮೇಲಿನ ಡಬ್ಬಿ ಹೆಡ್ಡಿಗಿಂತ ದಪ್ಪ ಇರುತ್ತದೆ. ಅಂಥದಕ್ಕೆ ರಿಂಗೂ ಇಲ್ಲ, ಸಾಕೆಟ್ಟೂ ಇಲ್ಲ. ಪಕ್ಕದಿಂದ ಹೋಗುವ ಓಪನ್ ಸ್ಪ್ಯಾನರ್ ಒಂದೇ ಗತಿ.

ಓಪನ್ ಸ್ಪ್ಯಾನರ್‌ನ ತಲೆಯನ್ನು ಗಮನಿಸಿದ್ದೀರಾ? ಅದು ಹಿಡಿಗೆ ನೇರವಾಗಿರುವುದಿಲ್ಲ, 15 ಡಿಗ್ರಿ ವಾರೆಯಾಗಿರುತ್ತದೆ. ಛಾಸಿ ಮತ್ತು ಪೈಪುಗಳ ನಡುವೆ ಹಿಡಿ ಆಡಿಸಲು ಜಾಗ ಕಡಿಮೆ ಇದ್ದಾಗ ಇದು ಉಪಯೋಗಕ್ಕೆ ಬರುತ್ತದೆ. ಒಂದು ಸಲ ತಿರುಗಿಸಿ, ಸ್ಪ್ಯಾನರನ್ನು ಮಗುಚಿ ಹಾಕಿದರೆ 30 ಡಿಗ್ರಿ ಆಟದಲ್ಲೇ ಮುಂದಿನ ಮುಖ ಸಿಗುತ್ತದೆ. ಮಗುಚದಿದ್ದರೆ 60 ಡಿಗ್ರಿ ಬೇಕು. ಅದೂ ಆಗದ ಇಕ್ಕಟ್ಟಿಗೆ ಕ್ರೋಫುಟ್ ಅನ್ನುವ ಉಪಕರಣ ಇದೆ. ಹಿಡಿಯೇ ಇಲ್ಲದ ಸ್ಪ್ಯಾನರ್ ತಲೆ ಅದು, ಹಿಂದಿನ ಚೌಕ ತೂತಿಗೆ ಎಕ್ಸ್‌ಟೆನ್ಷನ್ ಸಿಕ್ಕಿಸಿ ದೂರದಿಂದ ತಿರುಗಿಸಬಹುದು.

ಕೊಳ್ಳುವ ಮುಂಚೆ ಅಳೆಯಿರಿ

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ‘ಬ್ರೇಕ್ ಲೈಟ್ ಸ್ವಿಚ್ ಟೂಲ್’ ಎಂಬ ಒಂದು ವಸ್ತು ಇಲ್ಲ. ನಿಮ್ಮ ಗಾಡಿಯ ಹೆಡ್ ಎಷ್ಟು ಅಗಲ, ಟರ್ಮಿನಲ್ ಎಷ್ಟು ಎತ್ತರ, ಸುತ್ತ ಎಷ್ಟು ಜಾಗ ಅನ್ನುವುದು ಗೊತ್ತಾದರೆ ಉಪಕರಣ ತಾನಾಗಿ ತೀರ್ಮಾನ ಆಗುತ್ತದೆ.

ಅಳೆಯಲು ವರ್ನಿಯರ್ ಕ್ಯಾಲಿಪರ್ ಬೇಕು. ಟೇಪಿನಲ್ಲಿ 22 ಮತ್ತು 22.2ರ ವ್ಯತ್ಯಾಸ ಕಾಣುವುದಿಲ್ಲ. ಮೊದಲು ವೈರ್ ಬ್ರಷ್‌ನಿಂದ ಹೆಡ್ಡಿನ ಮಣ್ಣು, ಬಣ್ಣ, ತುಕ್ಕು ಕೆರೆದು ತೆಗೆಯಿರಿ. ಬಣ್ಣದ ನಾಲ್ಕು ಪದರ ಇದ್ದರೆ ಅಳತೆ ಸುಳ್ಳು ಹೇಳುತ್ತದೆ. ಕ್ಯಾಲಿಪರಿನ ದವಡೆಯನ್ನು ಚಪ್ಪಟೆ ಮುಖಗಳ ಮೇಲೆ ಇಟ್ಟು, ಮೂರೂ ಜೋಡಿ ಮುಖಗಳನ್ನು ಅಳೆದು ನೋಡಿ. ಯಾರೋ ಹಿಂದೆ ಪೈಪ್ ರೆಂಚ್ ಹಾಕಿ ಎಳೆದಿದ್ದರೆ ಒಂದು ಜೋಡಿ ಕಡಿಮೆ ಬರುತ್ತದೆ. ದೊಡ್ಡ ಅಳತೆಯನ್ನೇ ನಂಬಿ.

ಹೊಸ ಸ್ವಿಚ್ ಕೊಂಡು ತಂದು ಅದನ್ನೇ ಕೈಯಲ್ಲಿ ಹಿಡಿದು ಸ್ಪ್ಯಾನರ್ ಅಂಗಡಿಗೆ ಹೋಗುವುದು ಸುಲಭ ಉಪಾಯ. ಕತ್ತಲೆಯಲ್ಲಿ ಗಾಡಿ ಕೆಳಗೆ ಮಲಗಿ ಅಳೆಯುವ ಕಷ್ಟ ತಪ್ಪುತ್ತದೆ. ಆದರೆ ಇದರಲ್ಲೊಂದು ತೊಡಕು ಇದೆ. ಹೊಸ ಸ್ವಿಚ್ ಬೇರೆ ಕಂಪನಿಯದಾಗಿದ್ದರೆ ಥ್ರೆಡ್ ಒಂದೇ ಇದ್ದೂ ಹೆಡ್ ಬೇರೆ ಅಳತೆಯಲ್ಲಿರಬಹುದು. ಹಳೆಯದನ್ನು ಬಿಚ್ಚಲು ಒಂದು, ಹೊಸದನ್ನು ಹಾಕಲು ಇನ್ನೊಂದು ಸ್ಪ್ಯಾನರ್ ಬೇಕಾದೀತು. ಎರಡನ್ನೂ ಅಳೆಯಿರಿ.

ಬೆಂಗಳೂರಿನಲ್ಲಿ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಉಪಕರಣಕ್ಕೆ ಎಸ್‌ಜೆಪಿ ರಸ್ತೆ ಹಳೆಯ ವಿಳಾಸಗಳು. ವಿಟ್‌ವರ್ತ್ ಸ್ಪ್ಯಾನರ್ ಬೇಕಿದ್ದರೆ ಹೊಸ ಅಂಗಡಿಗಿಂತ ಗುಜರಿಯಲ್ಲಿ, ಹಳೆ ಲೇತ್ ವರ್ಕ್‌ಶಾಪುಗಳಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ತುಕ್ಕು ಹಿಡಿದಿದ್ದರೂ ಚಿಂತೆ ಇಲ್ಲ, ಬಾಯಿ ಅಗಲಿಸಿರಬಾರದು. ಅಲ್ಲೂ ಕ್ಯಾಲಿಪರ್ ಜೇಬಿನಲ್ಲಿರಲಿ.

ಎಲ್ಲೂ ಸಿಗದಿದ್ದರೆ ಮೆಕ್ಯಾನಿಕ್‌ಗಳ ದಾರಿ ಇದೆ. ಒಂದು ಇಂಚಿನ ಹೆಡ್ಡಿಗೆ 25-28ರ ಅಗ್ಗದ ಓಪನ್ ಸ್ಪ್ಯಾನರ್ ತಂದು, 25ರ ಬಾಯಿಗೆ ಅರದಿಂದ ಉಜ್ಜಿ ನಾಲ್ಕು ಹತ್ತಾಂಶ ಮಿಲಿಮೀಟರ್ ಅಗಲ ಮಾಡುತ್ತಾರೆ. ಅಂದ ಕೆಟ್ಟರೂ ಹಿಡಿತ ಪಕ್ಕಾ. ಸ್ಕ್ರೂ ಸ್ಪ್ಯಾನರ್, ಅಂದರೆ ಬಾಯಿ ಹಿಗ್ಗಿಸಿ ಕುಗ್ಗಿಸುವಂಥದ್ದು, ಈ ಕೆಲಸಕ್ಕೆ ಬೇಡ. ಬಲ ಬಿದ್ದಾಗ ಅದರ ದವಡೆ ಹಿಂದೆ ಸರಿಯುತ್ತದೆ, ಮತ್ತೆ ಮೂಲೆ ಸವೆಯುವ ಕತೆ.

ಹತ್ತು ಮಿಲಿಮೀಟರ್ ಆಸುಪಾಸಿನ ಮೂರು ಥ್ರೆಡ್

ಹೊಸ ಸ್ವಿಚ್ ಆರಿಸುವಾಗ ಸ್ಪ್ಯಾನರ್‌ಗಿಂತ ದೊಡ್ಡ ತಪ್ಪು ಆಗಬಹುದಾದ ಜಾಗ ಇದು. ಹಳೆ ಕಾರುಗಳ ಬ್ರೇಕ್ ಸ್ವಿಚ್ಚಿನಲ್ಲಿ ಹೆಚ್ಚಾಗಿ ಕಾಣುವುದು ಅಮೆರಿಕದ ಪೈಪ್ ಪದ್ಧತಿಯ 1/8 ಎನ್‌ಪಿಟಿ ಥ್ರೆಡ್. ಅಮೆರಿಕದ ಗಾಡಿಗಳಲ್ಲಿ, ಜೀಪಿನಲ್ಲಿ, ಅನೇಕ ಬ್ರಿಟಿಷ್ ಕಾರುಗಳಲ್ಲಿ ಇದೇ ಇದೆ. ಬೀಟಲ್‌ನದು ಮೆಟ್ರಿಕ್, 10 ಮಿ.ಮೀ. ದಪ್ಪ, ಒಂದು ಸುತ್ತಿನಿಂದ ಇನ್ನೊಂದಕ್ಕೆ 1 ಮಿ.ಮೀ. ಅಂತರ. ಇವೆರಡರ ಜೊತೆ ನಲ್ಲಿ, ಪಂಪಿನ ಲೋಕದ ಬ್ರಿಟಿಷ್ ಪೈಪ್ ಪದ್ಧತಿಯ 1/8 ಬಿಎಸ್‌ಪಿ ಥ್ರೆಡ್ಡಿನ ಸ್ವಿಚ್ಚುಗಳೂ ಮಾರುಕಟ್ಟೆಯಲ್ಲಿವೆ.

ಮೂರೂ ಕೈಯಲ್ಲಿ ಒಂದೇ ಥರ ಕಾಣುತ್ತವೆ. ಎನ್‌ಪಿಟಿಯ ಹೊರ ದಪ್ಪ 10.3 ಮಿ.ಮೀ., ಇಂಚಿಗೆ 27 ಸುತ್ತು. ಬಿಎಸ್‌ಪಿಯದು 9.7 ಮಿ.ಮೀ., ಇಂಚಿಗೆ 28 ಸುತ್ತು. ಮೆಟ್ರಿಕ್ ಇವೆರಡರ ನಡುವೆ. ತಪ್ಪು ಸ್ವಿಚ್ ಹಾಕಿದರೂ ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ‘ಹಾಂ, ಕೂತಿತು’ ಎಂದು ಸ್ಪ್ಯಾನರ್‌ನಲ್ಲಿ ಎಳೆದರೆ ಹಿತ್ತಾಳೆ ಜಂಕ್ಷನ್ನಿನ ಥ್ರೆಡ್ ಹಾಳು. ಹಾಗಾಗಿ ಹೊಸದನ್ನು ಹಾಕುವ ಮೊದಲು ಹಳೆಯದರ ಪಕ್ಕ ಇಟ್ಟು, ಒಂದರ ಥ್ರೆಡ್ ಇನ್ನೊಂದರ ಥ್ರೆಡ್ಡಿನ ಸಂದಿಗೆ ಕೂರುತ್ತದಾ ಎಂದು ಬೆಳಕಿಗೆ ಹಿಡಿದು ನೋಡಬೇಕು. ಥ್ರೆಡ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು.

ಎನ್‌ಪಿಟಿ ಥ್ರೆಡ್ ತುದಿಗೆ ಹೋದಂತೆ ಸಣ್ಣಗಾಗುತ್ತದೆ. ಸೀಸೆಗೆ ಬಿರಡೆ ಒತ್ತಿದ ಹಾಗೆ, ಒಳಗೆ ಹೋದಷ್ಟೂ ಬಿಗಿಯಾಗಿ ತಾನೇ ಸೀಲ್ ಆಗುತ್ತದೆ. ಅದಕ್ಕೆ ವಾಷರ್ ಬೇಡ. ನಲ್ಲಿಗೆ ಸುತ್ತುವ ಬಿಳಿ ಟೇಪೂ ಬೇಡ, ಅದರ ಚೂರು ಒಳಗೆ ಹೋಗಿ ಬ್ರೇಕ್ ಪೈಪಿನಲ್ಲಿ ಸಿಕ್ಕಿಕೊಳ್ಳಬಹುದು. ಹೆಡ್ ಜಂಕ್ಷನ್ನಿಗೆ ಅಂಟುವ ತನಕ ತಿರುಗಿಸಲೂ ಬಾರದು. ಬಿರಡೆಯನ್ನು ಅತಿಯಾಗಿ ಒತ್ತಿದರೆ ಸೀಸೆಯ ಬಾಯಿ ಒಡೆಯುವ ಹಾಗೆ ಹಿತ್ತಾಳೆ ಬಿರುಕು ಬಿಡುತ್ತದೆ. ಮೇಲೆ ಒಂದೆರಡು ಥ್ರೆಡ್ ಕಾಣುತ್ತಿದ್ದರೆ ಅದು ತಪ್ಪಲ್ಲ.

ಬಿಚ್ಚುವ ಹೊತ್ತು

ಬ್ಯಾಟರಿಯ ಒಂದು ತಂತಿ ಕಳಚಿ. ಗಾಡಿ ಕೆಳಗೆ ಹೋಗಬೇಕಿದ್ದರೆ ಜಾಕಿನ ಮೇಲೆ, ಇಟ್ಟಿಗೆಯ ಮೇಲೆ ನಂಬಿಕೆ ಇಡಬೇಡಿ, ಸ್ಟ್ಯಾಂಡ್ ಹಾಕಿ. ಹೊಸ ಸ್ವಿಚ್, ಸ್ಪ್ಯಾನರ್, ಬನಿಯನ್ ವೇಸ್ಟು, ಒಂದು ಬಕೆಟ್ ನೀರು ಕೈಗೆ ಸಿಗುವ ಹಾಗಿರಲಿ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಬಾಡಿಗೆ ಸಿಡಿದರೆ ತಕ್ಷಣ ನೀರು ಹೊಯ್ಯಬೇಕು. ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದರೆ ಸ್ವಿಚ್ ಬಿಚ್ಚುವ ಮೊದಲು ಪೂರ್ತಿ ಒರೆಸಿ. ಅಂಥ ಎಣ್ಣೆ ಒಳಗೆ ಸೇರಿದರೆ ಬ್ರೇಕಿನ ರಬ್ಬರುಗಳು ಊದಿಕೊಳ್ಳುತ್ತವೆ.

ಸ್ವಿಚ್ ತಿರುಗಿಸುವಾಗ ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿತ್ತಾಳೆ ಜಂಕ್ಷನ್ ಹಿಡಿದುಕೊಳ್ಳಿ. ಅದು ಛಾಸಿಗೆ ಒಂದೇ ಬೋಲ್ಟಿನಲ್ಲಿ ನಿಂತಿರುವುದುಂಟು. ಹಿಡಿಯದಿದ್ದರೆ ಸ್ವಿಚ್ ಜೊತೆ ಅದೂ ತಿರುಗಿ, ಸೇರಿಕೊಂಡಿರುವ ಪೈಪುಗಳೆಲ್ಲ ತಿರುಚಿಕೊಳ್ಳುತ್ತವೆ.

ಹಳೆಯದು ಹೇಗೂ ಕಸಕ್ಕೆ ಹೋಗುವುದರಿಂದ ಒಂದು ಅನುಕೂಲ ಇದೆ. ಡೀಪ್ ಸಾಕೆಟ್ ಇಲ್ಲದಿದ್ದರೆ ಎದ್ದು ನಿಂತ ಟರ್ಮಿನಲ್‌ಗಳನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ ಹಾಕಿ. ಆಗ ಮಾಮೂಲಿ ಸಾಕೆಟ್ಟೇ ಪೂರ್ತಿ ಇಳಿಯುತ್ತದೆ. ಹತ್ತಾರು ವರ್ಷ ಕಚ್ಚಿಕೊಂಡದ್ದನ್ನು ಬಿಡಿಸಲು ಬೇಕಾದಷ್ಟು ಬಲ ಹೊಸದನ್ನು ಕೂರಿಸಲು ಬೇಡ, ಅದಕ್ಕೆ ಓಪನ್ ಸ್ಪ್ಯಾನರ್ ಸಾಕು. ಕತ್ತರಿಸುವ ಕೆಲಸ ಮಾತ್ರ ಎಲ್ಲ ಸಿದ್ಧವಾದ ಮೇಲೆ ಮಾಡಿ. ಮೇಲ್ಭಾಗ ಒಡೆದರೆ ಆಯಿಲ್ ಸೋರಬಹುದು.

ಸಾಕೆಟ್ ಆದರೆ ಆರು ಮೂಲೆಯದನ್ನು ಬಳಸಿ. ಹನ್ನೆರಡು ಮೂಲೆಯದು ಹೊಸ ಹೆಡ್ಡಿಗೆ ಸರಿ, ತುಕ್ಕು ತಿಂದ ಹೆಡ್ಡಿನ ಮೇಲೆ ಜಾರುತ್ತದೆ. ಒಂದೇ ಸಲ ಜಗ್ಗುವುದಕ್ಕಿಂತ ಸಣ್ಣ ಸಣ್ಣ ಏಟಿನಂತೆ ಬಲ ಹಾಕಿ. ‘ಟಕ್’ ಎಂದು ಬಿಟ್ಟ ಮೇಲೆ ಕೈಯಲ್ಲೇ ತಿರುಗುತ್ತದೆ.

ಮಾಸ್ಟರ್ ಸಿಲಿಂಡರಿನ ಮುಚ್ಚಳದ ಕೆಳಗೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿ ಮಾಡಿದ್ದರೆ ಗಾಳಿ ಒಳಗೆ ಬಾರದೆ ಆಯಿಲ್ ಸುರಿಯುವುದು ಕಡಿಮೆಯಾಗುತ್ತದೆ. ಹಳೆಯದನ್ನು ತೆಗೆದ ಕೈಯಲ್ಲೇ ಹೊಸದನ್ನು ಇಟ್ಟು ಬೆರಳಿನಿಂದ ತಿರುಗಿಸಿ. ಬೆರಳಿಗೆ ಬಿಗಿಯಾದ ಮೇಲೆ ಸ್ಪ್ಯಾನರ್‌ನಲ್ಲಿ ಒಂದು ಸುತ್ತಿನಷ್ಟು ಬಿಗಿ ಮಾಡಿ ನಿಲ್ಲಿಸಿ. ಆಮೇಲೆ ಪ್ಲಾಸ್ಟಿಕ್ ತೆಗೆದು, ಆಯಿಲ್ ತುಂಬಿಸಿ, ಬ್ರೇಕ್ ಬ್ಲೀಡ್ ಮಾಡಿ ಗಾಳಿ ತೆಗೆಯಿರಿ. ಪೆಡಲ್ ಮೆತ್ತಗಿದ್ದರೆ ಗಾಳಿ ಇನ್ನೂ ಇದೆ ಎಂದರ್ಥ.

ಈಗ ಯಾರನ್ನಾದರೂ ಕೂರಿಸಿ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ, ಸ್ವಿಚ್ಚಿನ ಬುಡವನ್ನು ಒಣ ಕಾಗದದಿಂದ ಒರೆಸಿ ನೋಡಿ. ಒದ್ದೆಯಾದರೆ ಇನ್ನೂ ಸ್ವಲ್ಪ ಬಿಗಿ ಮಾಡಬೇಕು. ಆ ಕಾಲದ ಬಹುತೇಕ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಬ್ರೇಕ್ ಲೈನು. ಇಲ್ಲಿ ಸೋರಿದರೆ ನಾಲ್ಕೂ ಬ್ರೇಕು ಹೋಗುತ್ತದೆ. ಬ್ಲೀಡ್ ಮಾಡುವ ಅಭ್ಯಾಸ ಇಲ್ಲದವರು ಈ ಹಂತವನ್ನು ಮೆಕ್ಯಾನಿಕ್ ಕೈಗೆ ಬಿಡುವುದೇ ಸರಿ.

ಹೊಸ ಸ್ವಿಚ್ ಬೇಗ ಸಾಯದಿರಲು

ಹಳೆ ಗಾಡಿಯವರ ಸಾಮಾನ್ಯ ದೂರು ಒಂದಿದೆ. ಮೂಲ ಸ್ವಿಚ್ ದಶಕಗಟ್ಟಲೆ ಬಾಳಿತು, ಈಗ ಸಿಗುವುದು ಬೇಗ ಹೋಗುತ್ತದೆ ಅಂತ. ಕಾರಣದ ಒಂದು ಪಾಲು ಕರೆಂಟಿನದು. ಎರಡು 21 ವ್ಯಾಟ್ ಬಲ್ಬು ಅಂದರೆ 42 ವ್ಯಾಟ್, 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್. 6 ವೋಲ್ಟಿನ ಹಳೆ ಜೀಪಿನಲ್ಲಿ ಅದೇ ಬೆಳಕಿಗೆ 7 ಆಂಪಿಯರ್. ಅಷ್ಟೂ ಕರೆಂಟು ಆ ಸಣ್ಣ ಬಿಲ್ಲೆಯ ಮೂಲಕವೇ ಹರಿಯಬೇಕು. ಪ್ರತಿ ಸಲ ಬ್ರೇಕ್ ಬಿಟ್ಟಾಗ ಒಂದು ಕಿಡಿ ಹಾರಿ ಬಿಲ್ಲೆ ಚೂರು ಚೂರೇ ಸುಡುತ್ತದೆ.

ಪರಿಹಾರ ರಿಲೇ. ಸ್ವಿಚ್ ರಿಲೇಯನ್ನು ಆನ್ ಮಾಡುತ್ತದೆ, ದೀಪದ ಕರೆಂಟನ್ನು ರಿಲೇ ಹೊರುತ್ತದೆ. ಆಗ 12 ವೋಲ್ಟಿನ ಗಾಡಿಯಲ್ಲಿ ಸ್ವಿಚ್ಚಿನ ಮೂಲಕ ಹೋಗುವುದು ಸುಮಾರು 0.15ರಿಂದ 0.2 ಆಂಪಿಯರ್ ಮಾತ್ರ. ರಿಲೇಯ ಸುರುಳಿಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇದ್ದರೆ ಕಿಡಿ ಇನ್ನೂ ಕಡಿಮೆ. 1960ರ ದಶಕದ ನಡುವಿನವರೆಗಿನ ಹಲವು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಬಾಡಿಗೆ ಕಟ್ಟಿರುತ್ತಾರೆ. ಅಂಥ ಗಾಡಿಗೆ ಡಯೋಡ್ ಇರುವ ರಿಲೇಯ ಸುರುಳಿಯ ಎರಡು ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಬೇಕು, ಇಲ್ಲದಿದ್ದರೆ ಡಯೋಡ್ ಸುಟ್ಟುಹೋಗುತ್ತದೆ. ಎಲ್‌ಇಡಿ ಬಲ್ಬು ಹಾಕಿದರೂ ಕರೆಂಟು ಇಳಿಯುತ್ತದೆ, ಆದರೆ ಇಂಥ ಪಾಸಿಟಿವ್ ಅರ್ತ್ ಗಾಡಿಗೆ ಅದಕ್ಕೆಂದೇ ಮಾಡಿದ ಬಲ್ಬನ್ನು ಕೇಳಿ ತರಬೇಕು.